ಸತ್ತ ಅಪ್ಪ ಎದ್ದು ಕೂತ ರೀಲು

ಟಾಕೀಸಿನಲ್ಲಿ ಪರದೆ ಮೇಲೆ ನಡೆಯೋದಕ್ಕಿಂತ ಪರದೆ ಮುಂದೆ ನಡೆಯೋದೇ ಜಾಸ್ತಿ. ನಾನು ಹೇಳಿದರೆ ನಂಬಬೇಕು, ಯಾಕಂದರೆ ಎರಡನ್ನೂ ಒಂದೇ ಕಿಂಡಿಯಿಂದ ವರ್ಷಗಟ್ಟಲೆ ನೋಡಿದವನು ನಾನು. ಎಪ್ಪತ್ತರ ದಶಕದ ಕೊನೆಯಲ್ಲಿ ಮುಳಬಾಗಿಲಿನ ಒಂದು ತಗಡಿನ ಸೂರಿನ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಇರೋದು ಒಂದೇ ಮೆಷಿನ್ನು, ಒಂದೊಂದು ರೀಲಿಗೂ ಲೈಟು ಹಾಕಿ ಬದಲಾಯಿಸಬೇಕು. ಅಷ್ಟರಲ್ಲಿ ಜನ ಸೋಡಾ ಕುಡಿದು, ಜಗಳ ಆಡಿ, ರಾಜಿನೂ ಆಗಿಬಿಡೋರು.

ರಾಜಿ ಆಗದೇ ಇದ್ದವರು ಅಂದರೆ ನಮ್ಮ ಮಾಲೀಕರು ಇಬ್ಬರೇ. ಅಣ್ಣತಮ್ಮಂದಿರು. ಟಿಕೆಟ್ ಕಿಟಕಿಯಲ್ಲಿ ದೊಡ್ಡೋರು, ಗೇಟಿನಲ್ಲಿ ಚಿಕ್ಕೋರು. ಹೊಸ ಫ್ಯಾನು ಬೆಂಚಿನವರ ತಲೆ ಮೇಲೆ ಹಾಕಬೇಕೋ ಕುರ್ಚಿಯವರ ತಲೆ ಮೇಲೋ ಅಂತ ಶುರುವಾದ ಮಾತು ಬೆಳೆದು, ಹದಿನಾಲ್ಕು ತಿಂಗಳಿಂದ ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ. ಫ್ಯಾನು ಮಾತ್ರ ಪೆಟ್ಟಿಗೆ ಬಿಚ್ಚದೆ ನನ್ನ ಕ್ಯಾಬಿನ್ನಿನಲ್ಲೇ ಇತ್ತು.

ಕೊನೆಗೆ ಒಂದು ಭಾನುವಾರ ಭಾಗ ಅಂತ ತೀರ್ಮಾನ ಆಯ್ತು. ನಮ್ಮ ಕಡೆ ಪದ್ಧತಿ ಏನಂದರೆ, ದೊಡ್ಡೋನು ಎರಡು ಪಾಲು ಮಾಡಬೇಕು, ಚಿಕ್ಕೋನು ಬೇಕಾದ್ದು ಆರಿಸ್ಕೋಬೇಕು. ದೊಡ್ಡೋರು ಮೆಷಿನ್ನು, ಮೈಕು, ಬೆಂಚು, ಕುರ್ಚಿ ಎಲ್ಲಾ ಒಂದು ಪಾಲು ಮಾಡಿದರು. ಕಟ್ಟಡ, ಪರದೆ ಇನ್ನೊಂದು ಪಾಲು. ಹೀಗೆ ಹಂಚಿದರೆ ಪಿಕ್ಚರ್ ಬಿಡೋದೆಲ್ಲಿ? ಟಾಕೀಸು ಮುಚ್ಚತ್ತೆ, ನನ್ನ ಕೆಲಸ ಹೋಗತ್ತೆ. ಮನೇಲಿ ಹೆಂಡತಿ, ಮೂರು ಮಕ್ಕಳು. ನಿಜವಾಗಿ ಹೆದರಿದ್ದೆ.

"ಯಜಮಾನ್ರೇ, ನಾನು ಯಾವ ಪಾಲಿಗೆ ಬರ್ತೀನಿ?" ಅಂತ ದೊಡ್ಡೋರನ್ನ ಕೇಳಿದೆ.

ಅವರು ಟಿಕೆಟ್ ಹರಿಯೋದು ನಿಲ್ಲಿಸಿ, "ನೀನು ಸ್ಥಿರಾಸ್ತಿನೋ ಚರಾಸ್ತಿನೋ ವಕೀಲರನ್ನ ಕೇಳಿ ಹೇಳ್ತೀನಿ" ಅಂದರು.

ಗಾಜಿನ ಮೇಲಿನ ಮಾತುಕತೆ

ಮಾತು ಬಿಟ್ಟವರು ವ್ಯವಹಾರ ಹೇಗೆ ನಡೆಸ್ತಿದ್ದರು ಅಂತೀರಾ? ಸ್ಲೈಡಿನಲ್ಲಿ. ಗಾಜಿಗೆ ಮಸಿ ಬಳಿದು ಸೂಜಿಯಲ್ಲಿ ಗೀಚಿದರೆ ಪರದೆ ಮೇಲೆ ಅಕ್ಷರ ಮೂಡತ್ತೆ. "ಮುಂದಿನ ಬೆಂಚಿಗೆ ಕಾಲು ಹಾಕಬಾರದು" ಅಂತೆಲ್ಲ ತೋರಿಸ್ತೀವಲ್ಲ, ಅದೇ.

ಒಂದು ದಿನ ದೊಡ್ಡೋರು ಚೀಟಿ ಕಳಿಸಿದರು. ನಾನು ಬರೆದು ಹಾಕಿದೆ: "ಗೇಟಿನಲ್ಲಿ ಇರುವವರು ನೆಂಟರಿಷ್ಟರನ್ನು ಟಿಕೆಟ್ ಇಲ್ಲದೆ ಒಳಗೆ ಬಿಡಬಾರದು."

ಮುಂದಿನ ರೀಲಿಗೆ ಚಿಕ್ಕೋರ ಚೀಟಿ ಬಂತು. ಅದನ್ನೂ ಹಾಕಿದೆ: "ಕಿಟಕಿಯಲ್ಲಿ ಕೂರುವವರು ಗಿರಾಕಿಗಳ ಮೇಲೆ ಸಿಡಿಮಿಡಿಗೊಳ್ಳಬಾರದು."

ಜನ ಪಿಕ್ಚರಿಗೆ ಹೊಡೆಯದ ವಿಷಲ್ಲನ್ನ ಇದಕ್ಕೆ ಹೊಡೆದರು. ಆಮೇಲೆ ಲೈಟು ಹಾಕಿದಾಗ ಯಾರೂ ಹೊರಗೇ ಹೋಗ್ತಿರಲಿಲ್ಲ. ಸೋಡಾದವನು ನನ್ನ ಹತ್ತಿರ ಬಂದು, "ಆಪರೇಟ್ರೇ, ಸೋಡಾ ಕುಡಿಯೋಕ್ಕೆ ಹೊರಗೆ ಬನ್ನಿ ಅಂತಾನೂ ಒಂದು ಹಾಕಿ, ಯಾರೂ ಏಳ್ತಾನೇ ಇಲ್ಲ" ಅಂದ.

ಗೋಡೆ ಮೇಲಿನ ಕೋವಿ

ಭಾಗಕ್ಕೆ ಇನ್ನೊಂದೇ ವಾರ ಅನ್ನುವಾಗ ಬೆಂಗಳೂರಿಂದ ಬರಬೇಕಿದ್ದ ತೆಲುಗು ಪಿಕ್ಚರಿನ ಬದಲು ಬೇರೆ ಪೆಟ್ಟಿಗೆ ಬಂತು. ತೆಗೆದರೆ ಇಂಗ್ಲಿಷ್ ಪಿಕ್ಚರು, ಅದೂ ಹಳೇ ಕಪ್ಪು ಬಿಳುಪಿಂದು. ಟಾಕೀಸು ಖಾಲಿ ಬಿಡೋಕಾಗತ್ತಾ? ಸೋಮವಾರ ಮ್ಯಾಟಿನಿಗೆ ಅದನ್ನೇ ಹಾಕೋದು ಅಂತಾಯ್ತು.

ಪೋಸ್ಟರಿನಲ್ಲಿ ಕುದುರೆ ಮೇಲೆ ಟೋಪಿಯವನೊಬ್ಬ ಕೂತಿದ್ದ. ಅಷ್ಟು ನೋಡಿದ್ದೇ ಸಾಕಾಯ್ತು ಚಿಕ್ಕೋರಿಗೆ. ಜಟಕಾಗಾಡಿಗೆ ಮೈಕು ಕಟ್ಟಿಸಿ, "ಕುದುರೆ, ಕೋವಿ, ಭಯಂಕರ ಫೈಟಿಂಗ್" ಅಂತ ದೇವರಾಯಸಮುದ್ರದವರೆಗೂ ಸಾರಿಸಿದರು.

ಪಿಕ್ಚರು ನೋಡಿದರೆ ಮನೆ ಜಗಳ. ಕಣ್ಣು ಹಾಯೋವರೆಗೂ ಬಯಲು, ಸಾವಿರಾರು ದನ, ಮಧ್ಯೆ ಒಂದು ಮರದ ಮನೆ. ಮುದುಕ ಅಪ್ಪ, ಇಬ್ಬರು ಗಂಡುಮಕ್ಕಳು. ಮೂರು ಜನ ಊಟದ ಮೇಜಿನ ಸುತ್ತ ಕೂತು ಮಾತಾಡ್ತಾರೆ, ಎದ್ದು ಹೋಗ್ತಾರೆ, ಮತ್ತೆ ಬಂದು ಕೂತು ಮಾತಾಡ್ತಾರೆ. ಕುದುರೆ ಹೊರಗಡೆ ಕಟ್ಟಿದ ಕಡೆ ನಿಂತಿರತ್ತೆ. ಕೋವಿ ಗೋಡೆ ಮೇಲಿರತ್ತೆ.

ಹುತ್ತೂರಿನ ರೈತರೊಬ್ಬರಿಗೆ ಬೇರೆಯದೇ ಚಿಂತೆ. "ಇಷ್ಟು ಭೂಮಿ ಇಟ್ಕೊಂಡು ಒಂದು ಸಾಲು ರಾಗಿ ಹಾಕಿಲ್ವಲ್ರೀ. ಇಷ್ಟು ದನ ಇದ್ದೂ ಒಂದು ಲೋಟ ಹಾಲು ಕರೆದಿದ್ದು ಕಾಣೆ. ಜಗಳ ಆಡದೆ ಇನ್ನೇನು ಮಾಡ್ತಾರೆ, ಕೆಲಸ ಎಲ್ಲಿದೆ ಇವರಿಗೆ?" ಅಂದರು.

ಆರನೇ ರೀಲಿಗೆ ಬೆಂಚಿನಿಂದ ಒಬ್ಬ ಎದ್ದು ನನ್ನ ಕಿಂಡಿ ಕಡೆ ತಿರುಗಿ, "ಆಪರೇಟ್ರೇ, ನೀವಾದ್ರೂ ಹೋಗಿ ಆ ಕೋವಿ ಇಳಿಸಿ ಕೊಡಿ, ಅವರ ಕೈಲಾಗಲ್ಲ" ಅಂದ. ಅರ್ಧ ಜನ ಆಗಲೇ ಎದ್ದು ಹೋದರು.

ಮೇಷ್ಟ್ರು ಮೈಕು ಹಿಡಿದರು

ಮಾರನೇ ದಿನ ಚಿಕ್ಕೋರು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರನ್ನ ಕರೆಸಿದರು. ರಿಟೈರ್ ಆಗಿದ್ದರು, ಬಿಡುವಾಗಿದ್ದರು. ಪರದೆ ಪಕ್ಕ ಸ್ಟೂಲು ಹಾಕಿ, ಕೈಗೆ ಮೈಕು ಕೊಟ್ಟು, ಕಥೆ ಕನ್ನಡದಲ್ಲಿ ಹೇಳ್ತಾ ಹೋಗಿ ಅಂದರು. ಮೇಷ್ಟ್ರ ವ್ಯಾಕರಣ ಗಟ್ಟಿ. ಆದರೆ ಆ ಟೋಪಿಯವರು ಬಾಯಿ ತೆರೆಯದೇ ಮಾತಾಡಿದರೆ ಅವರಾದರೂ ಏನು ಮಾಡಿಯಾರು? ಎರಡನೇ ರೀಲಿಗೇ ಕೇಳಿಸಿಕೊಳ್ಳೋದು ಬಿಟ್ಟು ಮುಖ ನೋಡಿ ಕಥೆ ಹೇಳೋಕ್ಕೆ ಶುರು ಮಾಡಿದರು.

"ಚಿಕ್ಕವನು ಭಾಗ ಕೇಳ್ತಿದಾನೆ. ನಾನು ಬದುಕಿರೋವರೆಗೂ ಕೊಡಲ್ಲ ಅಂತಾನೆ ಅಪ್ಪ."

"ಪೆದ್ದೋಡು ಎಂದುಕು ಮಾಟ್ಲಾಡಡು?" ಅಂತ ಕತ್ತಲಿಂದ ಒಬ್ಬರು ತೆಲುಗಿನಲ್ಲಿ ಕೇಳಿದರು. ದೊಡ್ಡೋನು ಯಾಕೆ ಮಾತಾಡ್ತಿಲ್ಲ ಅಂತ.

"ಅವನು ದುಡಿಯೋನು. ದುಡಿಯೋನಿಗೆ ಮಾತಾಡಕ್ಕೆ ಪುರುಸೊತ್ತೆಲ್ಲಿ?" ಅಂದರು ಮೇಷ್ಟ್ರು.

ಅಷ್ಟೇ, ಟಾಕೀಸು ಎರಡಾಯ್ತು. ಬೆಂಚಿನವರೆಲ್ಲ ದೊಡ್ಡೋನ ಕಡೆ, ಕುರ್ಚಿಯವರೆಲ್ಲ ಚಿಕ್ಕೋನ ಕಡೆ. ಲೈಟು ಹಾಕಿದಾಗಲೆಲ್ಲ ಪಂಚಾಯ್ತಿ. ಒಬ್ಬ ಹೆಂಗಸಂತೂ, "ಮನೇಲಿ ತಾಯಿ ಇಲ್ಲ, ಅದಕ್ಕೇ ಹಿಂಗಾಗಿರೋದು. ಮೊದಲು ದೊಡ್ಡೋನಿಗೆ ಒಂದು ಹೆಣ್ಣು ನೋಡಿ ಮೇಷ್ಟ್ರೇ" ಅಂದಳು. ಮೇಷ್ಟ್ರು ಮೈಕಿನಲ್ಲೇ, "ನೋಡ್ತೀನಮ್ಮ" ಅಂದುಬಿಟ್ಟರು.

ಪುರಿ ತಿಂದ ಮುಚ್ಚಳ

ಈಗ ನನ್ನ ತಪ್ಪು ಹೇಳ್ತೀನಿ. ರೀಲಿನ ಡಬ್ಬಿ ಮುಚ್ಚಳದಲ್ಲಿ ಕಡ್ಲೆಪುರಿ ಹಾಕ್ಕೊಂಡು ತಿನ್ನೋದು ನನ್ನ ಅಭ್ಯಾಸ. ನಂಬರು ಇರೋದೂ ಮುಚ್ಚಳದ ಮೇಲೇ. ಅವತ್ತು ಕೊನೇ ಎರಡು ಡಬ್ಬಿ ಮುಚ್ಚಳ ಅದಲುಬದಲಾಗಿ, ಕೊನೇ ರೀಲು ಅದರ ಹಿಂದಿನ ರೀಲಿಗಿಂತ ಮೊದಲು ಹೋಯ್ತು.

ಅಪ್ಪನ್ನ ಪೆಟ್ಟಿಗೇಲಿಟ್ಟು ಹೂತರು. ಬಯಲಿಗೆ ಅಡ್ಡ ಮುಳ್ಳುತಂತಿ ಬೇಲಿ ಹಾಕಿದರು. ದೊಡ್ಡೋನು ಅರ್ಧ ದನ ಹೊಡ್ಕೊಂಡು ಹೊರಟುಹೋದ. ಜನ ಮೂಗೊರೆಸ್ಕೊಂಡು ಎದ್ದು ನಿಂತರು. ನಾನು ತಿರುಗಿ ನೋಡಿದರೆ ಇನ್ನೂ ಒಂದು ಡಬ್ಬಿ. ಏನೂ ತೋಚದೆ ಅದನ್ನೂ ಹಾಕಿಬಿಟ್ಟೆ.

ಪರದೆ ಮೇಲೆ ಅಪ್ಪ ಹಾಸಿಗೇಲಿ ಎದ್ದು ಕೂತ.

ಎದ್ದು ನಿಂತಿದ್ದವರೆಲ್ಲ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಎರಡು ಸಲ ಕೆಮ್ಮಿದರು. "ಗಾಬರಿ ಬೇಡ, ಅಪ್ಪ ಸತ್ತಿರಲಿಲ್ಲ" ಅಂದರು.

"ಮತ್ತೆ ಹೂತಿದ್ದು ಯಾರನ್ನ?"

"ಅದು ದಾಯಾದಿ."

ಎಲ್ಲರಿಗೂ ಸಮಾಧಾನ ಆಯ್ತು. ಕೂತ್ಕೊಂಡರು. ಪರದೆ ಮೇಲೆ ಅಪ್ಪ ಇಬ್ಬರ ಕೈ ಹಿಡಿದು ಒಂದು ಮಾಡಿದ, ಅಣ್ಣತಮ್ಮ ತಬ್ಬಿಕೊಂಡರು. ಬೇಲಿ ಏನಾಯ್ತು ಅಂತ ಯಾರೋ ಕೇಳಿದ್ದಕ್ಕೆ, "ದಾಯಾದಿ ಹಾಕಿಸಿದ್ದು, ಕಿತ್ತುಹಾಕ್ತಾರೆ" ಅಂತ ಮೇಷ್ಟ್ರು ಅದನ್ನೂ ಮುಗಿಸಿದರು.

ಬುಧವಾರ ನಾನು ಸರಿ ಮಾಡೋಣ ಅಂತಿದ್ದೆ. ಆದರೆ ಶ್ರೀನಿವಾಸಪುರದಿಂದ ಬಸ್ಸು ಹತ್ತಿ ಬಂದವರು, "ಸತ್ತ ಅಪ್ಪ ಎದ್ದು ಬರೋ ಪಿಕ್ಚರು ಇದೇ ಅಲ್ವಾ?" ಅಂತ ಕೇಳಿ ಕೇಳಿ ಟಿಕೆಟ್ ತಗೊಳ್ತಿದ್ದರು. ಆ ತಪ್ಪು ಹಾಗೇ ಉಳೀತು. ದೊಡ್ಡೋರು, ಚಿಕ್ಕೋರು ದಿನಾ ಆ ರೀಲಿಗೆ ಎರಡು ಬಾಗಿಲಲ್ಲಿ ನಿಂತು ನೋಡೋರು. ಟವೆಲ್ಲಿನಲ್ಲಿ ಕಣ್ಣೊರೆಸ್ಕೊಳ್ಳೋರು. ಇವತ್ತು ಮಾತಾಡ್ತಾರೆ ಅಂತ ನಾನು ಕಿಂಡಿಯಿಂದ ಕಾಯ್ತಿದ್ದೆ. ಶುಕ್ರವಾರ ಚಿಕ್ಕೋರು ಮೇಲೆ ಬಂದು ಚೀಟಿ ಕೊಟ್ಟರು. ಅದರಲ್ಲಿ ಬರೆದಿತ್ತು: "ಬಾಗಿಲಲ್ಲಿ ನಿಂತು ಅಳುವವರು ಟಿಕೆಟ್ ತೆಗೆದುಕೊಳ್ಳಬೇಕು."

ನಿಜವಾದ ಕೊನೆ

ಶನಿವಾರ ಬೆಂಗಳೂರಿಂದ ಪಿಕ್ಚರು ಕಳಿಸಿದವರ ಪ್ರತಿನಿಧಿ ಬಂದ. ಬೆಳಗ್ಗೆ ಡಬ್ಬಿಗಳನ್ನ ತೆಗೆದು ನೋಡಿದವನೇ ಹೌಹಾರಿದ. "ಏನ್ರೀ ಇದು, ಹಿಂದಿನ ರೀಲು ಮುಂದೆ ಹಾಕಿದೀರಾ? ಈ ಕಥೇಲಿ ಅವರು ಒಂದಾಗಲ್ಲ. ಒಂದು ಸಲ ಒಂದಾದ ಹಾಗೆ ಕಂಡು ಆಮೇಲೆ ಬೇರೆ ಆಗ್ತಾರೆ, ಅದೇ ಕಥೆ. ಇವತ್ತು ಸರಿಯಾಗಿ ಹಾಕಬೇಕು" ಅಂತ ನನ್ನ ಪಕ್ಕದಲ್ಲೇ ಕಾವಲು ನಿಂತ.

ಸರಿಯಾಗೇ ಹಾಕಿದೆ. ಅಪ್ಪ ಕೈ ಹಿಡಿಸಿದ, ಅಪ್ಪನ್ನ ಹೂತರು, ಬೇಲಿ ಹಾಕಿದರು, ಅಣ್ಣ ಹೊರಟುಹೋದ, ಲೈಟು ಬಂತು. ಯಾರೂ ಏಳಲಿಲ್ಲ. ಎಲ್ಲ ಇನ್ನೊಂದು ರೀಲಿಗೆ ಕಾಯ್ತಿದ್ದರು. ಅವರಲ್ಲಿ ಅರ್ಧ ಜನ ಮೂರನೇ ಸಲ ಬಂದವರು. ಇನ್ನೇನೂ ಬರಲ್ಲ ಅಂತ ಗೊತ್ತಾದಾಗ ದೇವರಾಯಸಮುದ್ರದ ಹಿರಿಯರೊಬ್ಬರು ಎದ್ದು ನೇರ ಟಿಕೆಟ್ ಕಿಟಕಿಗೆ ಹೋದರು. ಅವರ ಹಿಂದೆ ಇಡೀ ಟಾಕೀಸು ಹೋಯ್ತು.

"ಏನಪ್ಪಾ, ನಾಳೆ ನಿಮ್ಮ ಭಾಗ ಅಂತೆ. ನೀವು ಬೇರೆ ಆಗೋದಾದ್ರೆ ಆಗಿ, ಯಾರು ಬೇಡ ಅಂದ್ರು? ಅದಕ್ಕೆ ಪಾಪ ಆ ಹುಡುಗರನ್ನ ಯಾಕೆ ಬೇರೆ ಮಾಡಿಸಿದ್ರಿ? ನಿನ್ನೆವರೆಗೂ ಚೆನ್ನಾಗಿದ್ರು."

"ನಾನೇನೂ ಮಾಡಿಲ್ಲ" ಅಂದರು ದೊಡ್ಡೋರು. ಜನ ಕೇಳಲಿಲ್ಲ, ಕಿಟಕಿ ಹಲಗೆ ತಟ್ಟೋಕ್ಕೆ ಶುರು ಮಾಡಿದರು. ಮುಂದಿನ ಆಟದವರೂ ರಸ್ತೆಯಿಂದ ನುಗ್ಗಿದರು.

ಆಗ ದೊಡ್ಡೋರು ಕಿಟಕಿಯಿಂದ ತಲೆ ಆಚೆ ಹಾಕಿ ಕೂಗಿದರು: "ಲೇ ತಮ್ಮಾ, ಗೇಟು ಹಾಕೋ."

"ಹಾಕಾಯ್ತು ಕಣಣ್ಣ, ನೀನು ಮೊದಲು ಈ ಕಡೆ ಬಾ."

ಹದಿನಾಲ್ಕು ತಿಂಗಳಾದ ಮೇಲೆ ಆಡಿದ ಮಾತು. ಇಬ್ಬರೂ ಮೆಟ್ಟಿಲು ಹತ್ತಿ ಓಡಿ ಬಂದರು. ಒಬ್ಬ ನಿಲ್ಲೋ ಕ್ಯಾಬಿನ್ನಿನಲ್ಲಿ ನಾಲ್ಕು ಜನ ಆದ್ವಿ, ಬಿಚ್ಚದ ಫ್ಯಾನು ಬೇರೆ. ದೊಡ್ಡೋರು ಏದುಸಿರು ಬಿಡ್ತಾ, "ಏನ್ಲಾ ನೋಡ್ತಿದೀಯಾ, ಹಾಕು ಆ ರೀಲು" ಅಂದರು.

ಪ್ರತಿನಿಧಿ ಅಡ್ಡ ಬಂದ. "ಹಾಕಬೇಡಿ. ಕಥೆ ಪ್ರಕಾರ ಅಣ್ಣತಮ್ಮ ಬೇರೆ ಆಗಿದಾರೆ."

"ಬೇರೆ ಕಡೆ ಆಗಿರಬಹುದು. ನಮ್ಮ ಟಾಕೀಸಲ್ಲಿ ಆಗಲ್ಲ" ಅಂದರು ಇಬ್ಬರೂ. ಒಂದೇ ಮಾತು, ಒಂದೇ ಸಲಕ್ಕೆ.

ಅಂದಾದ ಮೇಲೆ ಏನಂದ್ವಿ ಅಂತ ಇಬ್ಬರಿಗೂ ಹೊಳೀತು. ದೊಡ್ಡೋರು ತಗಡಿನ ಸೂರು ನೋಡಿದರು. ಚಿಕ್ಕೋರು ನನ್ನ ಕಾಲು ನೋಡಿದರು. ನಾನು ರೀಲು ಸಿಕ್ಕಿಸಿದೆ. ಕೆಳಗಡೆ ಜನ ಬಂದು ಮತ್ತೆ ಕೂತರು, ಮೇಷ್ಟ್ರು ಮೈಕು ತಗೊಂಡರು, ಅಪ್ಪ ಎದ್ದು ಕೂತ.

ಭಾನುವಾರ ಭಾಗ ಮಾಡೋಕ್ಕೆ ಬಂದ ಹಿರಿಯರಿಗೆ ಅಣ್ಣತಮ್ಮ ಸೇರಿ ಟೀ ಕುಡಿಸಿ ವಾಪಸ್ಸು ಕಳಿಸಿದರು. ನನ್ನ ಕೆಲಸ ಉಳೀತು. ಒಂದೇ ಕಷ್ಟ ಅಂದರೆ, ಅಲ್ಲಿವರೆಗೂ ನನ್ನನ್ನ ಕಿಟಕಿಯಿಂದ ಒಬ್ಬರು, ಗೇಟಿನಿಂದ ಒಬ್ಬರು ಸರದಿ ಮೇಲೆ ಬೈತಿದ್ದರು. ಆಮೇಲೆ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದು ಬೈಯೋಕ್ಕೆ ಶುರು ಮಾಡಿದರು.