ಕೆರೆಯ ಆಳ ನೋಡಲು ಬಂದ ಬಿಲ್ಲೆ

ರೇಡಿಯೊ ರಿಪೇರಿ ಅಂತ ಬೋರ್ಡು ಬರೆಸಿಕೊಂಡವನ ಹತ್ತಿರ ಜನ ರೇಡಿಯೊ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತರುತ್ತಾರೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ತುರುವೇಕೆರೆಯಲ್ಲಿ ನನ್ನ ಪುಟ್ಟ ಅಂಗಡಿ ಇತ್ತು. ಗೋಡೆ ಗಡಿಯಾರ, ಟಾರ್ಚು, ಹೊಲಿಗೆ ಮಿಷನ್ನು, ಕೊನೆಗೆ ಒಬ್ಬರ ಹಲ್ಲಿನ ಸೆಟ್ಟು ಕೂಡ ನನ್ನ ಮೇಜಿನ ಮೇಲೆ ಬಂದು ಕೂತಿತ್ತು. ತಪ್ಪು ನನ್ನದೂ ಇದೆ ಅನ್ನಿ. ಬಿಚ್ಚಿ ನೋಡದೆ ಯಾವ ವಸ್ತುವನ್ನೂ ವಾಪಸ್ ಕಳಿಸುವ ಜಾಯಮಾನ ನನ್ನದಲ್ಲ. ಆ ಚಟವೇ ನನ್ನನ್ನು ಒಂದು ಸಲ ಕೆರೆಗೆ ಇಳಿಸಿತು.

ಹಗ್ಗ ಸಾಲದು

ಒಂದು ದಿನ ಮೀನುಗಾರಿಕೆ ಇಲಾಖೆಯ ಇನ್ಸ್‌ಪೆಕ್ಟರು ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಅವರ ಹಿಂದೆ ಮಾಯಸಂದ್ರದ ಕಡೆಯ ಒಂದು ಕೆರೆಯಲ್ಲಿ ದೋಣಿ ನಡೆಸುವ ಯಜಮಾನರು ಬಂದರು. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ಸಿಟ್ಟು.

ಸಂಗತಿ ಇಷ್ಟು. ಬೇಸಿಗೆಯಲ್ಲೂ ನೀರು ನಿಲ್ಲುವಷ್ಟು ಆಳವಿರುವ ಕೆರೆಗೆ ಮಾತ್ರ ಇಲಾಖೆಯವರು ಆ ವರ್ಷ ಮೀನಿನ ಮರಿ ಬಿಡುವವರಿದ್ದರು. ನಮ್ಮ ಕೆರೆಯ ನಡುವೆ ಏರಿ ಕಟ್ಟುವಾಗ ಕಲ್ಲು ತೆಗೆದ ದೊಡ್ಡ ಗುಂಡಿ ಇದೆ ಅಂತ ಯಜಮಾನರು ಹೇಳುತ್ತಿದ್ದರು. ಊರಿನ ಹುಡುಗರು ಅದನ್ನು ನಂಬದೆ ನಗುತ್ತಿದ್ದರು. ಗುಂಡಿ ಇದ್ದರೆ ಕೆರೆಗೆ ಮರಿ, ಇಲ್ಲದಿದ್ದರೆ ದೋಣಿಯನ್ನು ಬೋರಲು ಹಾಕಿ ಕೂರಬೇಕು.

"ಹಗ್ಗಕ್ಕೆ ಕಲ್ಲು ಕಟ್ಟಿ ಬುಟ್ರೆ ಗೊತ್ತಾಯ್ತದೆ. ಅದಕ್ಕೆ ಮಿಷನ್ ಯಾಕೆ ಬೇಕು ಅಂತ ಕೇಳಪ್ಪ ಇವ್ರನ್ನ" ಅಂದರು ಯಜಮಾನರು.

ಇನ್ಸ್‌ಪೆಕ್ಟರು ಪೆಟ್ಟಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡರು. "ಯಜಮಾನ್ರೇ, ಹಗ್ಗ ತೋರಿಸಿದ್ದನ್ನ ನಾನು ನಂಬ್ತೀನಿ. ಫೈಲು ನಂಬಲ್ಲ ಕಣ್ರೀ."

ಎರಡರಲ್ಲಿ ಒಂದು

ಪೆಟ್ಟಿಗೆಯಲ್ಲಿ ಸೋನಾರ್ ಯಂತ್ರ ಇತ್ತು. ಅದನ್ನು ದೋಣಿಗೆ ಜೋಡಿಸಿಕೊಡುವುದು ನನ್ನ ಕೆಲಸ. ಗಡಿಯಾರದ ಮುಖದ ಹಾಗೆ ದುಂಡನೆ ಅಂಕಿಗಳು. ನೀರು ಎಷ್ಟು ಅಡಿ ಆಳವೋ ಆ ಅಂಕಿಯ ಎದುರು ಕೆಂಪು ದೀಪ ಮಿನುಗುತ್ತದಂತೆ. ಅದಕ್ಕೆ ತಂತಿಯಲ್ಲಿ ಸೇರಿಸುವ ಇನ್ನೊಂದು ಭಾಗದ ಹೆಸರು ಟ್ರಾನ್ಸ್‌ಡ್ಯೂಸರ್. ಅದು ನೀರಿನಲ್ಲಿ ಕೂತು ಸದ್ದು ಕಳಿಸಿ, ತಳಕ್ಕೆ ಬಡಿದು ಬಂದ ಸದ್ದನ್ನು ಕೇಳಿಸಿಕೊಳ್ಳಬೇಕು. ಹೆಸರು ಯಾರ ನಾಲಗೆಗೂ ಹೊರಳಲಿಲ್ಲವಾದ್ದರಿಂದ ನಾವೆಲ್ಲ ಅದನ್ನು ಬಿಲ್ಲೆ ಅಂದೆವು.

ಮೇಲಿನವರು ಎರಡು ಥರದ ಬಿಲ್ಲೆ ಕಳಿಸಿದ್ದರು. ಒಂದಕ್ಕೆ ಅಣಬೆಯ ಕಾಲಿನಂಥ ಉದ್ದನೆ ಬೋಲ್ಟು. ದೋಣಿಯ ತಳಕ್ಕೆ ತೂತು ಕೊರೆದು ಅದನ್ನು ಕೂರಿಸಬೇಕು. ಇನ್ನೊಂದು ಚಪ್ಪಟೆ. ಅದನ್ನು ದೋಣಿಯ ಹಿಂಭಾಗದಲ್ಲಿ ಹಲಗೆಗೆ ಕಟ್ಟಿ ನೀರಿಗೆ ಇಳಿಬಿಡಬೇಕು.

ಜೊತೆಗಿದ್ದ ಇಂಗ್ಲಿಷ್ ಚೀಟಿ ಓದಿ, "ಬೋಲ್ಟಿನದೇ ಒಳ್ಳೇದು ಅಂತ ಬರೆದಿದ್ದಾರೆ" ಅಂದೆ.

"ತೂತು ಎಲ್ಲಿಗೆ?" ಯಜಮಾನರು ಕೇಳಿದರು.

"ತಳಕ್ಕೆ."

ಅವರು ಹೆಗಲ ಟವೆಲ್ಲು ತೆಗೆದು ಕೊಡವಿದರು. "ಮೂವತ್ತು ವರ್ಷದಿಂದ ಆ ದೋಣಿಗೆ ತೂತು ಬೀಳ್ದಂಗೆ ಕಾಯ್ಕೊಂಡು ಬಂದಿವ್ನಿ ಕಣಪ್ಪ. ಈಗ ನೀನು ತೂತು ಹಾಕಿ ಆಳ ತೋರುಸ್ತೀಯಾ? ತೂತು ಹಾಕುದ್ರೆ ನಾವೇ ಹೋಗಿ ನೋಡ್ಕೊಂಡು ಬರಬೋದು ಬುಡು."

ಚಪ್ಪಟೆ ಬಿಲ್ಲೆಯೇ ಗೆದ್ದಿತು.

ಪಕ್ಕದ ಅಂಗಡಿಯ ತಜ್ಞರು

ನನ್ನ ಪಕ್ಕದಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಮಂಡಿ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಡೆಯದೆಯೇ ಒಳಗಿನ ಕೊಬ್ಬರಿಯ ಜಾತಕ ಹೇಳುವ ಮನುಷ್ಯ. ಗುಂಪು ನೋಡಿ ಅವರೂ ಬಂದರು. ಯಜಮಾನರಿಗೆ ನಾನು ಬಿಲ್ಲೆಯ ಕೆಲಸ ವಿವರಿಸುತ್ತಿದ್ದೆ. ಶಬ್ದ, ಅಲೆ, ಪ್ರತಿಧ್ವನಿ ಅಂತ ಎಷ್ಟು ಹೇಳಿದರೂ ಅವರ ಮುಖದ ಸಿಟ್ಟು ಇಳಿದಿರಲಿಲ್ಲ.

"ಇಷ್ಟೇ ತಾನೇ?" ಅಂದರು ವ್ಯಾಪಾರಿ. "ಎಳನೀರು ಕೊಚ್ಚೋನು ಬೆರಳಲ್ಲಿ ತಟ್ಟಿ, ಒಳಗೆ ನೀರೆಷ್ಟು ಗಂಜಿ ಎಷ್ಟು ಅಂತ ಹೇಳಲ್ವಾ? ಇದು ಕೆರೆನ ತಟ್ಟಿ ನೋಡ್ತದೆ."

"ಅಂಗನ್ನಿ ಮತ್ತೆ!" ಅಂದರು ಯಜಮಾನರು. ಅರ್ಧ ಗಂಟೆ ನಾನು ಬಾಯಿ ಒಣಗಿಸಿಕೊಂಡಿದ್ದು ದಂಡವಾಯಿತು. ನನಗೆ ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆ ಉರಿದರೂ, ಎಷ್ಟು ಚೆನ್ನಾಗಿ ಹೇಳಿದರಲ್ಲ ಅಂತ ಸಂತೋಷವೂ ಆಯಿತು.

ಹೊಗಳಿಕೆಯಿಂದ ಉಬ್ಬಿದ ವ್ಯಾಪಾರಿ ಬಿಲ್ಲೆಯನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು. ಅವರು ತಲೆಯಾಡಿಸಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು.

"ಇನ್ನೂ ಹಸಿ ಐತೆ. ಅಟ್ಟದ ಮೇಲೆ ಆರು ತಿಂಗಳು ಹಾಕಿ ಆಮೇಲೆ ತನ್ನಿ."

ಬಡಗಿಯ ಮೂಲೆಮಟ್ಟ

ಊರಿನ ಬಡಗಿ ಬಹಳ ಅಚ್ಚುಕಟ್ಟು. ಬೇಕಾದಾಗ ಇಳಿಸಿ ಬೇಡವಾದಾಗ ತೆಂಗಿನ ನಾರಿನ ಹಗ್ಗದಿಂದ ಎತ್ತುವ ಹಾಗೆ ದೋಣಿಯ ಹಿಂದೆ ಹಲಗೆ ಮಾಡಿ, ಅದರ ತುದಿಗೆ ಬಿಲ್ಲೆ ಕೂರಿಸಿದ. ದಡಕ್ಕೆ ಬರುವಾಗ ಹಲಗೆ ಎತ್ತಿಬಿಡಿ, ಇಲ್ಲದಿದ್ದರೆ ಕಲ್ಲಿಗೆ ಬಡಿದು ಮುರಿಯುತ್ತದೆ ಅಂತ ಎಚ್ಚರಿಕೆಯನ್ನೂ ಕೊಟ್ಟ.

ಯಂತ್ರಕ್ಕೆ ಟ್ರಾಕ್ಟರಿನ ಬ್ಯಾಟರಿ ಜೋಡಿಸಿಕೊಂಡು ಯಜಮಾನರು, ಬಡಗಿ, ನಾನು ಹೊರಟೆವು. ದೀಪವೇನೋ ಮಿನುಗಿತು, ಆದರೆ ಮನಸ್ಸಿಗೆ ಬಂದ ಅಂಕಿಯ ಎದುರು. ನಲವತ್ತು ಅಂದಿತು, ದೋಣಿ ತಿರುಗಿದರೆ ಎಪ್ಪತ್ತು ಅಂದಿತು. ಯಜಮಾನರು ಬಿದಿರಿನ ಗಳು ಹಾಕಿದರೆ ನೀರು ಅವರ ಎದೆಮಟ್ಟ.

ನೀರಿಗೆ ಇಳಿದು ಬಗ್ಗಿ ನೋಡಿದೆ. ದೋಣಿಯ ಹಿಂಭಾಗ ಇಳಿಜಾರು. ಬಡಗಿ ಮೂಲೆಮಟ್ಟ ಹಿಡಿದು ಬಿಲ್ಲೆಯನ್ನು ಆ ಇಳಿಜಾರಿಗೇ ಸರಿಯಾಗಿ ಕೂರಿಸಿದ್ದ. ಬಿಲ್ಲೆ ಕೆಳಗೆ ನೋಡುವುದು ಬಿಟ್ಟು ಹಿಂದಕ್ಕೆ ನೋಡುತ್ತಿತ್ತು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ವಾರೆ ಎಷ್ಟು ಅಂತ ಅವನಿಗೆ ತೋರಿಸಿದೆ.

ಬಡಗಿಗೆ ಬೇಜಾರಾಯಿತು. "ನನ್ನ ಕೆಲಸ ಮೂಲೆಮಟ್ಟಕ್ಕೆ ಸರಿ ಐತೆ ಸಾಮಿ. ಬೇಕಾದ್ರೆ ಆ ದಾರನ ಸರಿ ಮಾಡ್ಕೊಳ್ಳಿ."

ಎಲ್ಲೆಲ್ಲೂ ಎರಡಡಿ

ಕೊನೆಗೆ ಬಿಲ್ಲೆ ನೆಟ್ಟಗೆ ಕೂತಿತು. ಆಳ ನೋಡಿ ಬರೆದುಕೊಳ್ಳಲು ಇಲಾಖೆಯ ದೊಡ್ಡ ಸಾಹೇಬರು ಬರುವ ಹಿಂದಿನ ದಿನ ಕೆರೆಯ ನಡುವೆ ಹೋದಾಗ ದೀಪ ಎಂಟರಿಂದ ಹನ್ನೆರಡಕ್ಕೆ ಸರಿದು, ಥಟ್ಟನೆ ಇಪ್ಪತ್ತಾರಕ್ಕೆ ಹಾರಿತು. ಯಜಮಾನರ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಒಬ್ಬ ಮನುಷ್ಯ ಹೇಳಿದ ನಿಜವನ್ನು ಒಂದು ಬೆರಳಗಲದ ದೀಪ ಒಪ್ಪಿಕೊಂಡಿತ್ತು.

ಮಾರನೇ ದಿನ ಬೆಳಿಗ್ಗೆ ಬೆಂಗಳೂರಿನಿಂದ ಸಾಹೇಬರು ಬಂದರು. ಯಜಮಾನರ ಹೆಂಡತಿ ಆಗಲೇ ದೋಣಿಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಮುಗಿಸಿದ್ದರು. ಸಾಹೇಬರು, ಇನ್ಸ್‌ಪೆಕ್ಟರು, ನಾನು ಹತ್ತಿದೆವು. ಯಜಮಾನರು ಹುಟ್ಟು ಹಾಕಿದರು.

ದೀಪ ಎರಡರ ಮೇಲೆ ನಿಂತಿತು. ಮುಂದೆ ಹೋದೆವು, ಎರಡು. ಇನ್ನೂ ಮುಂದೆ, ಎರಡೇ. ಗುಂಡಿಯ ಮೇಲೆ ಬಂದರೂ ಎರಡು.

"ಇಡೀ ಕೆರೆ ಎರಡಡಿ ಏನ್ರೀ?" ಸಾಹೇಬರು ಪೆನ್ನು ತೆಗೆದರು. ಇನ್ಸ್‌ಪೆಕ್ಟರ ಮುಖ ಬಿಳಿಚಿತು. ಯಜಮಾನರು ಹದಿನೆಂಟು ಅಡಿಯ ಗಳುವನ್ನು ಪೂರ್ತಿ ಇಳಿಸಿದರು, ಕೈ ಮುಳುಗಿದರೂ ತಳ ಸಿಗಲಿಲ್ಲ. "ನೋಡಿ ಬುದ್ದಿ, ನೋಡಿ!"

"ಗಳುನ ಫೈಲಿಗೆ ಹಾಕೋಕಾಗಲ್ಲಪ್ಪ" ಅಂದರು ಸಾಹೇಬರು.

ಬೋರ್ಡಿನ ಮೇಲೆ ರಿಪೇರಿ ಅಂತ ಬರೆಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಏನಾದರಾಗಲಿ ಅಂತ ಹಿಂದಕ್ಕೆ ಬಗ್ಗಿ, ರಾಡಿ ನೀರಿನೊಳಗೆ ಹಲಗೆಯ ಉದ್ದಕ್ಕೂ ಕೈಯಾಡಿಸಿದೆ. ದಾರ ಸಿಕ್ಕಿತು. ಎಳೆದೆ. ಕೆಂಪು ಬಟ್ಟೆಯ ಗಂಟೊಂದು ಮೇಲೆ ಬಂತು. ಬಿಚ್ಚಿದರೆ ಒಂದು ಒಣಗಿದ ತೆಂಗಿನಕಾಯಿ, ಅದು ತೇಲದಿರಲಿ ಅಂತ ಒಂದು ಕಲ್ಲು, ಜೊತೆಗೆ ನಿಂಬೆಹಣ್ಣು. ಬಿಲ್ಲೆಯ ನೇರ ಕೆಳಗೆ, ಎರಡಡಿಯಲ್ಲಿ. ಪಾಪದ ಬಿಲ್ಲೆ ಸುಳ್ಳೇನೂ ಹೇಳಿರಲಿಲ್ಲ.

"ಇದು ನಮ್ಮವಳ ರವಿಕೆ ಬಟ್ಟೆ!" ಅಂದರು ಯಜಮಾನರು.

ಗಂಟು ತೆಗೆದದ್ದೇ ತಡ, ದೀಪ ಇಪ್ಪತ್ತಾರಕ್ಕೆ ಹಾರಿ ನಿಂತಿತು. ಸಾಹೇಬರು ಗಂಟಿನ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು, ದೀಪವನ್ನು ಎರಡು ಸಲ ನೋಡಿ, ಬರೆದು, ಸಹಿ ಹಾಕಿದರು. ಮರಿ ಬರುವುದು ಖಾಯಂ ಆಯಿತು. ಯಜಮಾನರು ನಗುತ್ತ ದಡದ ಕಡೆಗೆ ಹುಟ್ಟು ಹಾಕಿದರು.

ದಡದಲ್ಲಿ ಅವರ ಹೆಂಡತಿ ನಿಂತಿದ್ದರು. ಸಾಹೇಬರ ಮಡಿಲಲ್ಲಿ ಕಾಯಿ ಕಂಡದ್ದೇ, "ಅಯ್ಯೋ, ಅದನ್ಯಾಕೆ ಬಿಚ್ಚುದ್ರಿ?" ಅಂತ ಕೂಗಿದರು.

"ದೃಷ್ಟಿಗೆ ಕಟ್ಟೋದು ಮೇಲೆ ಅಲ್ವೇನಮ್ಮ? ನೀರಿನ ಕೆಳಗೆ ಯಾಕೆ ಕಟ್ಟಿದ್ರಿ?" ಸಾಹೇಬರು ಕೇಳಿದರು.

"ಮನೆಗೆ ಜನ ಎದುರಿಗಿಂದ ನೋಡ್ತಾರೆ, ಬಾಗಿಲಿಗೆ ಕಟ್ತೀವಿ. ಈ ಬಿಲ್ಲೆ ಕೆಳಕ್ಕೆ ನೋಡ್ತದೆ ಅಂದ್ರು. ಇದು ಮೀನ್ನ ನೋಡುದ್ರೆ ಮೀನೂ ಇದನ್ನ ನೋಡಲ್ವಾ ಸಾಮಿ? ಅಷ್ಟು ಕಣ್ಣು ಬಿದ್ರೆ ಉಳೀತದಾ?"

ಸಾಹೇಬರು ನಕ್ಕರು. "ಅಂಥದ್ದೆಲ್ಲ ಯಂತ್ರಕ್ಕೆ ತಾಗಲ್ಲಮ್ಮ" ಅನ್ನುವಷ್ಟರಲ್ಲಿ ಹಿಂದೆ ಲಟಕ್ ಅಂತ ಸದ್ದಾಯಿತು. ಖುಷಿಯಲ್ಲಿ ಯಜಮಾನರು ಹಲಗೆ ಎತ್ತುವುದನ್ನು ಮರೆತಿದ್ದರು. ನಾನೂ ಮರೆತಿದ್ದೆ. ಹಲಗೆ ಕಲ್ಲಿಗೆ ಬಡಿದು ಎರಡು ತುಂಡಾಗಿ, ಬಿಲ್ಲೆ ತಂತಿಯಲ್ಲಿ ನೇತಾಡುತ್ತಿತ್ತು.

ಆ ತಾಯಿ ಸಾಹೇಬರನ್ನು ನೋಡಿದರು. ಸಾಹೇಬರು ನಿಧಾನವಾಗಿ ದೋಣಿಯಿಂದ ಇಳಿದರು. ಮಡಿಲಲ್ಲಿದ್ದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟು, ಇನ್ಸ್‌ಪೆಕ್ಟರಿಗೆ ಕೇಳಿಸದ ಹಾಗೆ ಹೇಳಿದರು:

"ಹೊಸ ಹಲಗೆ ಹಾಕಿದ ಮೇಲೆ ಇದನ್ನ ಮತ್ತೆ ಕಟ್ಟಿಬಿಡಿ. ಒಂದು ಮೂರಡಿ ಪಕ್ಕಕ್ಕೆ."