ಒಂದೇ ಸಲ ಕೇಳುವ ಸಾಹೇಬರು

ನಮ್ಮ ಕಡೆಯವರಿಗೆ ‘ಬೇಡ’ ಎನ್ನಲು ಬರುವುದಿಲ್ಲ ಎಂದಲ್ಲ. ಬಾಯ್ತುಂಬ ಹೇಳುತ್ತೇವೆ. ಆದರೆ ಹೇಳಿದ್ದನ್ನು ಎದುರಿನವರು ನಂಬಿಬಿಟ್ಟರೆ ಕಂಗಾಲಾಗುತ್ತೇವೆ. ಕಾರ್ಕಳದ ನಮ್ಮ ಮನೆಗೆ ಬಂದ ನೆಂಟರು ಚಹಾ ಎಂದೊಡನೆ ‘ಅಯ್ಯೋ, ಈಗಷ್ಟೇ ಕುಡಿದು ಬಂದದ್ದು’ ಎನ್ನುತ್ತಿದ್ದರು. ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳದೆ ಒಲೆಯ ಮೇಲೆ ನೀರಿಡುತ್ತಿದ್ದಳು. ಎರಡನೆಯ ಸಲ ಕೇಳಿದಾಗ ‘ಸುಮ್ಮನೆ ಯಾಕೆ ತೊಂದರೆ’. ಮೂರನೆಯ ಸಲ ‘ಹಾಗಾದರೆ ಅರ್ಧ ಲೋಟ’. ಆ ಅರ್ಧ ಲೋಟದ ಜೊತೆ ಎಷ್ಟು ಅವಲಕ್ಕಿ ಒಳಗೆ ಹೋಗುತ್ತಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಸಲಕ್ಕೇ ‘ಕೊಡಿ’ ಎಂದ ದೂರದ ಮಾವನೊಬ್ಬನಿಗೆ ಬರಗೆಟ್ಟವ ಎಂಬ ಹೆಸರು ಅಂಟಿಕೊಂಡು, ಅವನ ಮಗಳ ಮದುವೆಯ ಮಾತುಕತೆಯಲ್ಲೂ ಆ ವಿಷಯ ಸುಳಿದುಹೋಯಿತು. ಇಂಥ ಶಿಸ್ತಿನಲ್ಲಿ ಬೆಳೆದ ನಾನು ಬಹರೈನಿಗೆ ಬಂದು, ದೊಡ್ಡ ಕಟ್ಟಡಗಳ ಎ.ಸಿ. ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಬ್ರಿಟಿಷ್ ಸಾಹೇಬರೊಬ್ಬರ ಕೈಕೆಳಗೆ ಸೇರಿದೆ.

ಪೀಟರ್ ಸಾಹೇಬರು ಚಿನ್ನದಂಥ ಮನುಷ್ಯ. ಅವರ ಕಾಲನ್ನು ಯಾರಾದರೂ ತುಳಿದರೆ ಅವರೇ ‘ಸಾರಿ’ ಎನ್ನುತ್ತಾರೆ. ಲಿಫ್ಟಿನ ಎದುರು ಒಬ್ಬನೇ ನಿಂತಿದ್ದರೂ ಅವನ ಹಿಂದೆ ಅಂತರ ಬಿಟ್ಟು ಸಾಲು ಕಟ್ಟುತ್ತಾರೆ. ಜುಲೈ ತಿಂಗಳಿಡೀ ಬೆಳಿಗ್ಗೆ ಬಂದವರೇ ಹೊಸ ಸುದ್ದಿ ತಂದವರ ಹಾಗೆ ‘ಇವತ್ತು ಸ್ವಲ್ಪ ಸೆಕೆ, ಅಲ್ಲವೇ?’ ಎನ್ನುತ್ತಾರೆ. ಆ ಸೆಕೆಯಿಂದಲೇ ಹೊಟ್ಟೆ ಹೊರೆಯುವ ನಾವೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತೇವೆ. ಇನ್ನೊಂದು ಪದ್ಧತಿ ಎಂದರೆ, ತಮಗೆ ಚಹಾ ಬೇಕೆನಿಸಿದಾಗ ಅವರು ತಾವೊಬ್ಬರೇ ಮಾಡಿಕೊಂಡು ಕುಡಿಯುವವರಲ್ಲ. ಮೇಜು ಮೇಜಿಗೂ ಬಂದು ನಿಮಗೂ ಮಾಡಲೇ ಎಂದು ಕೇಳಿ, ತಾವೇ ಮಾಡಿ ತಂದುಕೊಡುತ್ತಾರೆ. ಅದು ಅವರ ಊರಿನ ಆಫೀಸುಗಳ ರೂಢಿಯಂತೆ. ನನ್ನನ್ನು ಮೊದಲ ದಿನ ಕೇಳಿದಾಗ ಸಾಹೇಬರ ಕೈಯಿಂದ ಚಹಾ ಮಾಡಿಸುವುದುಂಟೇ ಎಂದು ‘ಬೇಡ ಸರ್’ ಎಂದೆ. ಅವರು ಮುಂದಿನ ಮೇಜಿಗೆ ಹೋದರು. ಅಂದಿನಿಂದ ಆಫೀಸಿನಲ್ಲಿ ನಾನು ಚಹಾ ಮುಟ್ಟದವನು. ಹೊಸಬರು ಯಾರಾದರೂ ನನ್ನನ್ನು ಕೇಳಲು ಬಂದರೆ ಸಾಹೇಬರೇ ತಡೆದು, ಅವರನ್ನು ಒತ್ತಾಯಿಸಬೇಡಿ ಎಂದು ನನ್ನ ವ್ರತ ಕಾಪಾಡುತ್ತಿದ್ದರು. ನಾನು ಕಳ್ಳನ ಹಾಗೆ ಕೆಳಗಿಳಿದು ಮಲಯಾಳಿಯ ಅಂಗಡಿಯಲ್ಲಿ ಕರಕ್ ಎಂಬ ಇಲ್ಲಿಯ ಗಟ್ಟಿ ಹಾಲಿನ ಚಹಾ ಕುಡಿದು ಬರುತ್ತಿದ್ದೆ.

ಚಹಾ ಹೋದರೆ ಹೋಯಿತು. ಆದರೆ ಒಂದು ದಿನ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದು, ಸೂಪರ್‌ವೈಸರ್ ಹುದ್ದೆ ಖಾಲಿಯಾಗಿದೆ, ನೀವು ವಹಿಸಿಕೊಳ್ಳುತ್ತೀರಾ ಎಂದು ಕೇಳಿದರು. ಆ ಹುದ್ದೆಗೆ ಏರಿದರೆ ಹೆಂಡತಿ, ಮಗಳನ್ನು ಇಲ್ಲಿಗೆ ಕರೆಸಿಕೊಳ್ಳಬಹುದಿತ್ತು. ಆಗ ನಾನು ಸೆಗಯಾ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ನಮ್ಮೂರ ಕಡೆಯ ಲಾರೆನ್ಸಣ್ಣನ ಜೊತೆ ಇದ್ದೆ. ಹೆಂಡತಿ ಸುಜಾತಾ, ಮಗಳು ಊರಲ್ಲಿ. ರಜೆಯಲ್ಲಿ ಹೋದಾಗ ಮಗಳು ನನ್ನನ್ನು ನೋಡಿ, ಅಪ್ಪ ಫೋನಿನಲ್ಲಿ ಇಷ್ಟು ದೊಡ್ಡದಿಲ್ಲ ಎಂದು ಅಮ್ಮನ ಸೆರಗಿನ ಹಿಂದೆ ಅವಿತಿದ್ದಳು. ಎಲ್ಲರೂ ನಕ್ಕಿದ್ದರು. ನನಗೆ ಮಾತ್ರ ಅಳು ಬಂದಿತ್ತು. ಇಷ್ಟೆಲ್ಲ ಇದ್ದೂ, ಸಾಹೇಬರು ಕೇಳಿದಾಗ ನನ್ನ ಬಾಯಿಂದ ಬಂದದ್ದು ‘ಛೆ ಛೆ, ನನಗ್ಯಾಕೆ ಸರ್, ನನಗಿಂತ ದೊಡ್ಡವರಿದ್ದಾರೆ’ ಎಂಬ ಮಾತು. ಅವರು, ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು.

ಎರಡನೆಯ ಸಲ ಕೇಳಿಯೇ ಕೇಳುತ್ತಾರೆ ಎಂದು ಮರುದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ. ಕಾರಣವಿಲ್ಲದೆ ಅವರ ಕ್ಯಾಬಿನ್ನಿನ ಮುಂದೆ ಓಡಾಡಿದೆ. ಅವರು ಹೊರಗೆ ಬಂದು ಸೆಕೆಯ ವಿಷಯ ಹೇಳಿ ಒಳಗೆ ಹೋದರು. ವಾರ ಕಳೆಯುವಷ್ಟರಲ್ಲಿ, ಅಸ್ಕರ್ ಕಡೆಯ ಸೈಟಿನಲ್ಲಿರುವ ಇನ್ನೊಬ್ಬರಿಗೆ ಆ ಹುದ್ದೆ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಲಾರೆನ್ಸಣ್ಣ ಹೋಟೆಲಿನಲ್ಲಿ ಬ್ರಿಟಿಷರಿಗೆ ಬಡಿಸಿ ಬಡಿಸಿಯೇ ತಲೆ ನರೆಸಿಕೊಂಡವರು. ನನ್ನ ಕತೆ ಕೇಳಿ ಹಣೆ ಚಚ್ಚಿಕೊಂಡರು. “ಎಂತ ಮಾರಾಯ್ರೆ ನೀವು, ಅವರಲ್ಲಿ ಒತ್ತಾಯ ಮಾಡಿದ್ರೆ ಅದೇ ಮರ್ಯಾದೆಗೇಡು. ನೀವು ಬೇಡ ಹೇಳಿದ್ರಿ, ಅವರು ನಿಮಗೆ ಮರ್ಯಾದೆ ಕೊಟ್ರು” ಎಂದರು. ಇಷ್ಟೊಂದು ಮರ್ಯಾದೆ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಸುಜಾತಾ ಫೋನಿನಲ್ಲಿ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಯ್ಯಲಿಲ್ಲ. “ಅವರು ಎರಡನೇ ಸಲ ಕೇಳುದಿಲ್ಲ ಅಲ್ವಾ, ನೀವೇ ಎರಡನೇ ಸಲ ಹೇಳಿ” ಎಂದಳು.

ಮರುದಿನ ಎದೆ ಗಟ್ಟಿ ಮಾಡಿಕೊಂಡು ಕ್ಯಾಬಿನ್ನಿಗೆ ಹೋದೆ. ಸಾಹೇಬರು ಕೂರಿಸಿ, ನೀವಂತೂ ಚಹಾ ಕುಡಿಯುವುದಿಲ್ಲ ಎಂದು ತಾವೊಬ್ಬರೇ ಕುಡಿಯತೊಡಗಿದರು. ನಾನು, ಸರ್, ಮೊನ್ನೆ ನಾನು ಬೇಡ ಎಂದದ್ದರ ಅರ್ಥ ಬೇಕು ಎಂದು, ನಮ್ಮಲ್ಲಿ ಮೂರು ಸಲ ಕೇಳುವ ಪದ್ಧತಿ ಇದೆ ಎಂದು ವಿವರಿಸಿದೆ. ಹೆಂಡತಿ, ಮಗಳ ವಿಷಯವನ್ನೂ ಹೇಳಿದೆ. ಅವರು ಕಪ್ಪು ಹಿಡಿದುಕೊಂಡೇ ಕೇಳಿದರು.

“ನಿಜವಾಗಿಯೂ ಬೇಡದಿದ್ದಾಗ ಏನು ಹೇಳುತ್ತೀರಿ?”

“ಆಗಲೂ ಬೇಡ ಎಂದೇ, ಸರ್.”

ಅವರು ಕಪ್ಪು ಕೆಳಗಿಟ್ಟು, ಎದ್ದು ಟೈ ಸರಿಮಾಡಿಕೊಂಡರು. ಈ ಹುದ್ದೆಯನ್ನು ವಹಿಸಿಕೊಳ್ಳುತ್ತೀರಾ ಎಂದು ಗಂಭೀರವಾಗಿ ಕೇಳಿದರು. ನಾನು ಬೇಡ ಸರ್ ಎಂದೆ. ಮತ್ತೆ ಕೇಳಿದರು. ಸುಮ್ಮನೆ ನಿಮಗೆ ತೊಂದರೆ ಎಂದೆ. ಮೂರನೆಯ ಸಲ ಕೇಳಿದಾಗ ಆಗಲಿ ಸರ್ ಎಂದು ತಲೆಯಾಡಿಸಿದೆ. ಅವರು ನನ್ನ ಕೈ ಕುಲುಕಿದರು. ನಗಲಿಲ್ಲ. ಅವರು ಆಗ ನಗದೇ ಇದ್ದದ್ದಕ್ಕೆ ನಾನು ಇವತ್ತಿಗೂ ಋಣಿ.

ಸುಜಾತಾ, ಮಗಳು ಬಂದಿಳಿದು ಸಂಸಾರ ನೆಲೆ ನಿಂತ ಮೇಲೆ ಒಂದು ಶುಕ್ರವಾರ ಸಾಹೇಬರನ್ನು ಊಟಕ್ಕೆ ಕರೆದೆವು. ನೀರುದೋಸೆ, ಕೋಳಿ ಸುಕ್ಕ. ಅಷ್ಟರಲ್ಲಿ ನಾನು ಬ್ರಿಟಿಷರ ಆಚಾರ ವಿಚಾರದಲ್ಲಿ ಪಂಡಿತನಾಗಿದ್ದೆ. ಅವರು ಬೇಡ ಎಂದರೆ ಬೇಡ, ಮೇಲೆ ಬಿದ್ದು ಬಡಿಸಬಾರದು ಎಂದು ಹೆಂಡತಿಗೆ ಮೊದಲೇ ಪಾಠ ಮಾಡಿದ್ದೆ. ಎರಡು ದೋಸೆ ಮುಗಿದ ಮೇಲೆ ಅವಳು ಪಾತ್ರೆ ಹಿಡಿದು ಬಂದಳು. ಸಾಹೇಬರು ಕೈ ಅಡ್ಡ ಹಿಡಿದು ಬೇಡ ಎಂದರು. ನಾನು ಕಣ್ಸನ್ನೆ ಮಾಡಿದೆ. ಪಾತ್ರೆ ಅಡುಗೆಮನೆ ಸೇರಿತು. ಸಾಹೇಬರ ಕಣ್ಣು ಅದರ ಹಿಂದೆಯೇ ಹೋದದ್ದು ನನಗೆ ಕಾಣಿಸಿತು, ಅರ್ಥವಾಗಲಿಲ್ಲ. ಹೊರಡುವಾಗ ಬಾಗಿಲಲ್ಲಿ ಅವರು ತಗ್ಗಿದ ದನಿಯಲ್ಲಿ, “ನೀವು ಮೂರು ಸಲ ಎಂದಿದ್ದಿರಿ. ನಾನು ಎರಡನೆಯದಕ್ಕೆ ಕಾಯುತ್ತಿದ್ದೆ” ಎಂದರು.

ಇಷ್ಟು ಉಪಕಾರ ಮಾಡಿದವರನ್ನು ಅರೆಹೊಟ್ಟೆಯಲ್ಲಿ ಕಳಿಸಿದಿರಲ್ಲ ಎಂದು ಸುಜಾತಾ ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು. ನಾನು ಮೆಟ್ಟಿಲಿಳಿದು ಓಡಿ ಕಾರಿನ ಕಿಟಕಿಗೆ ಡಬ್ಬಿ ಚಾಚಿದೆ. ಸಾಹೇಬರು ನಗುತ್ತಾ, ಬೇಡ ಬೇಡ, ದಯವಿಟ್ಟು ಬೇಡ ಎಂದರು. ಅದು ಅವರ ಊರಿನ ಬೇಡವೋ ನಮ್ಮ ಊರಿನದೋ ತಿಳಿಯದೆ, ಬಿಸಿ ಡಬ್ಬಿ ಹಿಡಿದುಕೊಂಡು ನಾನು ಬಿಸಿಲಲ್ಲಿ ನಿಂತೇ ಇದ್ದೆ.