ಕೊಂಬು ಬರದ ಹಾಗೆ

ತಲೆಗೆ ತಲೆ ಒಂದೇ ಸಲ ತಾಗಿದರೆ ಕೊಂಬು ಬರುತ್ತದೆ ಎಂಬುದನ್ನು ದೇಶನೂರಿನ ಪಕ್ಕೀರಪ್ಪನವರು ತಮ್ಮ ಎದೆ ಡಾಕ್ಟರ ಮಾತಿಗಿಂತ ಹೆಚ್ಚು ನಂಬಿದ್ದರು. ಹಾಗಾಗಿ ಕೌಲ್ ಬಜಾರಿನ ಮಗಳ ಮನೆಯ ಹೊಸ್ತಿಲಲ್ಲಿ, ಹೊಸ ಅಕ್ಕಿಯ ಚೀಲ ಎತ್ತಲು ಬಗ್ಗಿದ ಅವರ ತಲೆ ಎದುರಿನಿಂದ ಬಗ್ಗಿದ ಅಳಿಯ ಹನುಮೇಶನ ತಲೆಗೆ ಟಕ್ಕೆಂದು ತಾಗಿದಾಗ, ಅವರು ನೋವು ಮರೆತು ರುಮಾಲು ತೆಗೆದರು.

“ಇನ್ನೊಮ್ಮಿ ಕೊಡ್ರಿ ಅಳಿಯಂದ್ರ. ಇಲ್ಲಾಂದ್ರ ಇಬ್ರಿಗೂ ಕೊಂಬು ಬರ್ತಾವ.”

ಹನುಮೇಶ ಜೀನ್ಸ್ ಹೊಲಿಯುವವನು. ಗಿರಾಕಿಗಳು ಬಯಸಿದಂತೆ ಮೊಣಕಾಲಿನ ಹತ್ತಿರ ಹರಿದು ಕೊಡುವುದರಲ್ಲೂ ಅವನ ಕೈ ಪಳಗಿತ್ತು. ಮಾವ ಬಂದಾಗಲೆಲ್ಲ ಅದೇ ಹಾಡು. “ಲೋಕದಾಗ ಎಲ್ಲಾರೂ ಹರಿದಿದ್ದು ಹೊಲಿತಾರ, ನಮ್ಮ ಅಳಿಯಂದ್ರು ಹೊಲಿದಿದ್ದು ಹರಿತಾರ!” ಆವತ್ತೂ ಬೀದಿಗೆಲ್ಲ ಕೇಳುವಂತೆ ಅದನ್ನೇ ಅನ್ನುತ್ತ ಬಾಗಿಲಿಗೆ ಬಂದಿದ್ದರು. ಹೆಂಡತಿ ಭಾಗ್ಯ ಒಲೆಯ ಮುಂದಿದ್ದಳು, ಅತ್ತೆ ಉಚ್ಚೆಂಗೆಮ್ಮ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಯಾರೂ ನೋಡುತ್ತಿಲ್ಲ. ಮದುವೆಯಾದಂದಿನಿಂದ ನುಂಗಿಕೊಂಡು ಬಂದಿದ್ದನ್ನೆಲ್ಲ ಹಣೆಗೆ ತಂದುಕೊಂಡು ಹನುಮೇಶ ಎರಡನೆಯದನ್ನು ಕೊಟ್ಟ.

ಊದಿದ್ದು ಅವನ ಹಣೆಯೇ. ನಿಂಬೆಹಣ್ಣಿನಷ್ಟು ಬುಗುಟೆ. ಮಾವನ ತಲೆಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ಓಡಿ ಬಂದವರೆಲ್ಲ ಅಳಿಯನನ್ನೇ ಮುತ್ತಿಕೊಂಡರು. ಪಕ್ಕದ ಮನೆಯ ಆಟೊ ಮಾರೆಣ್ಣ ಬುಗುಟೆಯನ್ನು ಒತ್ತಿ ನೋಡಿ ತಲೆಯಾಡಿಸಿದ.

“ಹೊರಗ ಇಷ್ಟು ಊದೈತಿ ಅಂದ್ರ ಒಳಗ ಎಷ್ಟಿರಬೇಕು! ಕುರುಗೋಡಿನಾಗ ನಮ್ಮ ಷಡ್ಡಕ ಹಿಂಗ ಗಾಡಿ ಮ್ಯಾಲಿಂದ ಬಿದ್ದ, ಎದ್ದ, ಚಾ ಕುಡದ, ಸಂಜಿಗೆ ಹೋಗಿಬಿಟ್ಟ.”

“ಎಲ್ಲಿಗೆ?” ಎಂದ ಹನುಮೇಶ.

“ಎಲ್ಲಿಗಂದ್ರ? ಮ್ಯಾಲಕ!”

ಭಾಗ್ಯ ಅಳಲು ಶುರುಮಾಡಿದಳು. ಮಾರೆಣ್ಣನ ಆಟೊದಲ್ಲಿ ಹನುಮೇಶ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಪಕ್ಕೀರಪ್ಪನವರು ಅರ್ಧ ಮೈ ಹೊರಗಿಟ್ಟುಕೊಂಡು ತುದಿಯಲ್ಲಿ ಕೂತರು.

“ನನ್ನ ತಲಿನೂ ಯಾಕೋ ಸಿಡಿಯಾಕ ಹತ್ತೈತಿ,” ಅಂದರು.

“ಬಿಸಲಿಗೆ,” ಅಂದರು ಉಚ್ಚೆಂಗೆಮ್ಮ.

ಆಸ್ಪತ್ರೆಯ ಗೇಟಿನಲ್ಲಿ ಪಕ್ಕೀರಪ್ಪನವರಿಗೆ ವಾಂತಿಯಾಯಿತು. ತನ್ನ ಆಟೊದ ಹೊಗೆಯಿಂದಲ್ಲ, ಬೆಳಗ್ಗೆ ತಿಂದ ಮಿರ್ಚಿಯಿಂದ ಎಂದು ಮಾರೆಣ್ಣ ವಾದಿಸಿದ. ನರ್ಸ್ ಹತ್ತಿರ ಬಂದರೆ ಪಕ್ಕೀರಪ್ಪನವರೇ ಕೈ ಅಡ್ಡ ಹಿಡಿದರು. “ನನಗೇನಾಗೈತಿ? ಅಳಿಯಂದ್ರನ್ನ ನೋಡ್ರಿ ಮೊದ್ಲು.” ಅಳಿಯ ನರಳುತ್ತಿರುವಾಗ ಮಾವ ಮಲಗಿಕೊಂಡರೆ ದೇಶನೂರಿನಲ್ಲಿ ಮರ್ಯಾದೆ ಉಳಿಯುವುದಿಲ್ಲ.

ಸ್ಕ್ಯಾನ್ ಮುಗಿಸಿ ಬಂದ ಡಾಕ್ಟರಮ್ಮ ನಕ್ಕರು. “ಇದು ಚರ್ಮದ ಕೆಳಗಿನ ರಕ್ತ, ಕರಗುತ್ತೆ. ತಲೆ ಒಳಗೆ ಏನೂ ಇಲ್ಲ.”

“ನಮ್ಮ ಅಪ್ಪಾನೂ ಅದನ್ನ ಅಂತಿದ್ದ,” ಎಂದು ಭಾಗ್ಯ ಅಳುತ್ತಲೇ ನಕ್ಕಳು.

ಈ ಸುದ್ದಿ ಹೇಳೋಣವೆಂದು ತಿರುಗಿದರೆ ಅಪ್ಪ ಬೆಂಚಿನ ಮೇಲೆ ವಾಲಿದ್ದರು. “ಮಲಗ್ಲಿ ಬಿಡ್ರಿ, ನಸುಕಿಗೆ ಎದ್ದಾರ,” ಎಂದ ಮಾರೆಣ್ಣ. ಹನುಮೇಶ ಎಬ್ಬಿಸಲು ಬಲಗೈ ಹಿಡಿದ. ಬಿಟ್ಟೊಡನೆ ಅದು ಅಂಗಿಯ ಖಾಲಿ ತೋಳಿನಂತೆ ಜೋತುಬಿತ್ತು. ಡಾಕ್ಟರಮ್ಮ ರೆಪ್ಪೆ ಎತ್ತಿ ಬೆಳಕು ಬಿಟ್ಟರು. ಒಂದು ಪಾಪೆ ದೊಡ್ಡದಾಗಿತ್ತು.

“ಏನಾದ್ರೂ ಮಾತ್ರೆ ತಗೊಳ್ತಾರಾ?”

“ಸಿರುಗುಪ್ಪದಾಗ ಎದಿ ಡಾಕ್ಟ್ರು ಕೊಟ್ಟಾರ್ರಿ. ರಕ್ತ ತೆಳ್ಳಗಾಗಾಕ,” ಎಂದರು ಉಚ್ಚೆಂಗೆಮ್ಮ.

ಎರಡನೆಯ ಸ್ಕ್ಯಾನ್ ನೋಡಿ ಬಂದ ಡಾಕ್ಟರಮ್ಮನ ಮುಖದಲ್ಲಿ ನಗುವಿರಲಿಲ್ಲ. ಬುರುಡೆಗೂ ಮಿದುಳಿಗೂ ನಡುವೆ ರಕ್ತ ತುಂಬಿ ಮಿದುಳನ್ನು ಒತ್ತುತ್ತಿದೆ, ಆ ಮಾತ್ರೆಯಿಂದಾಗಿ ನಿಲ್ಲುತ್ತಿಲ್ಲ. ರಕ್ತ ಹೆಪ್ಪುಗಟ್ಟಲು ಔಷಧ ಕೊಟ್ಟು ಈಗಲೇ ಬುರುಡೆ ತೆರೆದು ತೆಗೆಯಬೇಕು, ಉಳಿಯುತ್ತಾರೆಂದು ಹೇಳಲಾಗದು ಎಂದರು. “ಪೆಟ್ಟು ಎಷ್ಟು ಜೋರಿತ್ತು? ಎಷ್ಟು ಸಲ ಬಿತ್ತು?”

ಎಲ್ಲರೂ ಹನುಮೇಶನ ಮುಖ ನೋಡಿದರು.

“ಒಮ್ಮಿರಿ. ಹಂಗ ಸುಮ್ನ ತಾಗ್ತು.”

“ಇಂಥವರಿಗೆ ಅಷ್ಟೇ ಸಾಕು. ನಿಮ್ಮ ತಪ್ಪೇನಿಲ್ಲ,” ಎಂದು ಅವರು ಭುಜ ತಟ್ಟಿ ಒಳಗೆ ಹೋದರು. ಆ ಮಾತು ಕೇಳಿ ಅವನಿಗೆ ಹೊಲಿಗೆ ಮಿಷನ್ನಿನ ಸೂಜಿ ಬೆರಳಿಗೆ ಇಳಿದಂತಾಯಿತು.

ಆಪರೇಷನ್ ಕೋಣೆಯ ಹೊರಗೆ ಉಚ್ಚೆಂಗೆಮ್ಮ ಅವನ ಬುಗುಟೆಗೆ ಒದ್ದೆ ಬಟ್ಟೆ ಹಿಡಿದುಕೊಂಡೇ ಕೂತಿದ್ದರು. ಮಾವ ಬದುಕಲಿ ಎಂದು ಹನುಮೇಶ ಕಂಡ ದೇವರಿಗೆಲ್ಲ ಕೈ ಮುಗಿದ. ಪೆಟ್ಟು ಬಿದ್ದ ಹೊತ್ತಿನ ನೆನಪು ಕೆಲವರಿಗೆ ಮರಳುವುದಿಲ್ಲ ಎಂದು ನರ್ಸ್ ಹೇಳಿದಾಗ ಅವನಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಮಾವ ಮರುದಿನ ಕಣ್ಣು ಬಿಟ್ಟರು. ತಲೆ ಬೋಳಾಗಿತ್ತು, ಬಲಗೈ ಎತ್ತಲಾಗುತ್ತಿರಲಿಲ್ಲ. ಹೆಂಡತಿಯ ಹೆಸರು ಹೇಳಲು ತಡಕಾಡಿದರು. ಕೊನೆಗೆ ದೃಷ್ಟಿ ಹನುಮೇಶನ ಮೇಲೆ ನಿಂತಿತು.

“ಅಳಿಯಂದ್ರ... ಚೀಲ ಎತ್ತುವಾಗ... ತಲಿ ತಾಗ್ತು.”

ಹನುಮೇಶ ಬಗ್ಗಿ ಕಿವಿಗೊಟ್ಟ.

“ಒಂದ ಸಲ,” ಎಂದರು ಮಾವ.

ಅವನಿಗೆ ಹೋದ ಉಸಿರು ಬಂದಂತಾಯಿತು. ಅಷ್ಟರಲ್ಲಿ ಮಾವನ ಎಡಗೈ ಅವನ ಅಂಗಿಯ ಕಾಲರ್ ಹಿಡಿದಿತ್ತು. “ಇನ್ನೊಮ್ಮಿ ಕೊಡ್ರಿ... ಕೊಂಬು ಬರ್ತಾವ.” ಬ್ಯಾಂಡೇಜು ಸುತ್ತಿದ ತಲೆ ದಿಂಬಿನಿಂದ ಮೇಲೇಳತೊಡಗಿತು.

“ಬ್ಯಾಡ್ರಿ ಮಾವಾ!”

“ಮೆಲ್ಲಕ ಮುಟ್ಟಿಸಿಬಿಡ್ರಿ, ಸಮಾಧಾನ ಆಕ್ಕೈತಿ,” ಎಂದು ಉಚ್ಚೆಂಗೆಮ್ಮ ಅತ್ತರು. ಹೊಲಿಗೆ ಬಿಚ್ಚುತ್ತದೆಂದು ನರ್ಸ್ ಕೂಗುತ್ತ ಓಡಿ ಬಂದಳು. ಮಾವ ಕೈ ಬಿಡಲಿಲ್ಲ, ತಲೆ ಇನ್ನೂ ಮೇಲೆ ಬಂತು. ಹನುಮೇಶ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದ.

“ಎರಡನೇದೂ ಆಗೈತ್ರಿ ಮಾವಾ! ನಾನ ಕೊಟ್ಟೀನಿ! ಜೋರಾಗಿ ಕೊಟ್ಟೀನಿ!”

ಕಾಲರ್ ಹಿಡಿದ ಬೆರಳುಗಳು ಸಡಿಲವಾದವು. “ಹಂಗಾದ್ರ ಚಿಂತಿಲ್ಲ,” ಎಂದು ಪಕ್ಕೀರಪ್ಪನವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು.

ಹನುಮೇಶ ನಿಧಾನವಾಗಿ ತಿರುಗಿದ. ಉಚ್ಚೆಂಗೆಮ್ಮನ ಕೈಯಲ್ಲಿ ಅವನ ಬುಗುಟೆಗೆಂದು ಹಿಂಡಿಟ್ಟ ಒದ್ದೆ ಬಟ್ಟೆ ಇತ್ತು.

“ಒಮ್ಮಿ ಅಂದಿದ್ರಿ,” ಎಂದರು ಅವರು.